ಎರೆಹುಳು ಕಟ್ಟಿದ ನೆಲ, ಹಗ್ಗ ಎಳೆದರೆ ಕುಣಿವ ಊರು

ಲೋಕ ಹೇಗೆ ಹುಟ್ಟಿತು ಎಂಬ ಸಂತಾಲ ಆದಿವಾಸಿಗಳ ಕಥೆಗೆ ಗುಡಿಯ ಆಸರೆಯಿಲ್ಲ, ರಂಗಮಂದಿರದ ಹಂಗೂ ಇಲ್ಲ. ಬೀದಿಯಲ್ಲಿ ನೆಟ್ಟ ಬಿದಿರಿನ ಗಳ, ಅದರ ತುದಿಯಲ್ಲೊಂದು ಗೊಂಬೆಮಂಟಪ, ಬೆರಳಿಗೆ ಬೆರಳು ಹೆಣೆದ ಹೆಂಗಸರ ಸಾಲು, ನೆನಪಿನಿಂದಲೇ ಹೇಳುವ ಗುರು. ಕಥೆ ಉಳಿದಿರುವುದು ಇಷ್ಟರ ಮೇಲೆ.

ನವರಾತ್ರಿ ಬಂತೆಂದರೆ ಹಳೆ ಮೈಸೂರಿನ ಮನೆಗಳಲ್ಲಿ ಪಟ್ಟದ ಗೊಂಬೆಗಳು ಪೆಟ್ಟಿಗೆಯಿಂದ ಹೊರಬಂದು ಮೆಟ್ಟಿಲೇರಿ ಕೂರುತ್ತವೆ. ಅದೇ ಹೊತ್ತಿಗೆ ಜಾರ್ಖಂಡದ ದುಮ್ಕಾ ಕಡೆ, ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ದಿನಾಜ್‌ಪುರದ ಕಡೆ ಸಂತಾಲರ ಗೊಂಬೆಗಳು ಊರೂರು ಅಲೆಯಲು ಹೊರಡುತ್ತವೆ. ಅಲ್ಲಿ ಅದು ದಾಸಾಯ್ ಹಬ್ಬದ ಕಾಲ. ಈ ಗೊಂಬೆಯಾಟಕ್ಕೆ ಚಾದರ್ ಬಾದರ್ ಎಂದು ಹೆಸರು. ಚಾದರ್ ಬಾದನಿ ಎನ್ನುವವರೂ ಇದ್ದಾರೆ.

ಗೊಂಬೆಗಳು ಹೆಚ್ಚೆಂದರೆ ಗೇಣುದ್ದ. ಮರದಲ್ಲಿ ಕೆತ್ತಿದವು, ಕೈಕಾಲಿಗೆ ಕೀಲು ಕೂರಿಸಿದವು. ಹೆಣ್ಣುಗೊಂಬೆಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಲಾಗಿ ನಿಂತಿರುತ್ತವೆ. ಎದುರಿಗೆ ಗಂಡುಗೊಂಬೆಗಳು, ಅವುಗಳ ಕೊರಳಿಗೆ ಕಡಲೆಬೀಜದಷ್ಟು ಪುಟ್ಟ ಡೋಲು. ಮೇಲೆ ಸೂರು, ಸುತ್ತ ಬಟ್ಟೆ ಕಟ್ಟಿದ ಮಂಟಪವೇ ಅವುಗಳ ಊರು. ಇಡೀ ಮಂಟಪ ಒಂದೇ ಗಳದ ಮೇಲೆ ನಿಂತಿದೆ. ಒಂದೊಂದು ಗೊಂಬೆಯ ದಾರವೂ ಒಳಗಿನ ಪುಟ್ಟ ಸನ್ನೆಕಡ್ಡಿಗಳನ್ನು ಹಾದು, ಕೆಳಗಿಳಿಯುವಾಗ ಒಂದೇ ಹಗ್ಗವಾಗುತ್ತದೆ. ಆಡಿಸುವವನು ಆ ಹಗ್ಗವನ್ನು ಕೈಯಿಂದಲೋ ಕಾಲಿನಿಂದಲೋ ತಾಳಕ್ಕೆ ಸರಿಯಾಗಿ ಎಳೆಯುತ್ತಾನೆ. ಒಂದು ಎಳೆತಕ್ಕೆ ಡೋಲು ಬಡಿಯುವ ಕೈ ಏಳುತ್ತದೆ, ಹೆಂಗಸರ ಸಾಲು ಬಾಗುತ್ತದೆ. ಬಿಟ್ಟರೆ ಎಲ್ಲ ಮೊದಲಿನಂತೆ. ಮತ್ತೆ ಎಳೆದರೆ ಮತ್ತೆ ಕುಣಿತ.

ನಮ್ಮ ಗೊಂಬೆಯಾಟ ಕಂಡವರಿಗೆ ಇದರ ಬೇರೆತನ ಬೇಗ ತಿಳಿಯುತ್ತದೆ. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗೆ ಒಂದೊಂದಕ್ಕೂ ಅದರದೇ ಸೂತ್ರ, ಅದನ್ನು ಹಿಡಿದ ಕಲಾವಿದನೊಬ್ಬ. ನಮ್ಮ ತೊಗಲುಗೊಂಬೆಗೆ ಕತ್ತಲು ಬೇಕು, ಪರದೆ ಬೇಕು, ಹಿಂದೆ ದೀಪ ಬೇಕು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು 2025ರಲ್ಲಿ ಪದ್ಮಶ್ರೀಗೆ ಪಾತ್ರರಾದದ್ದು ಆ ಕಲೆಗೆ. ಎರಡರಲ್ಲೂ ಆಡಿಸುವವರು ಮರೆಯಲ್ಲಿರುತ್ತಾರೆ. ಚಾದರ್ ಬಾದರ್‌ನಲ್ಲಿ ಮರೆಯೇ ಇಲ್ಲ. ಹಾಡುವವನೂ ಆಡಿಸುವವನೂ ಹೆಜ್ಜೆ ಹಾಕುವವನೂ ಒಬ್ಬನೇ, ಅದೂ ಹಗಲು ಬೆಳಕಿನಲ್ಲಿ, ಮಕ್ಕಳ ಕಣ್ಣೆದುರಿಗೇ. ಜೊತೆಗಾರರು ಮಣ್ಣಿನ ಒಡಲಿನ ತುಮ್ದಾಕ್ ಬಾರಿಸುತ್ತಾರೆ, ಕೋಲಿನಿಂದ ತಮಾಕ್ ಹೊಡೆಯುತ್ತಾರೆ, ಬಾನಾಮ್ ಎಂಬ ತಂತಿವಾದ್ಯ ನುಡಿಸುತ್ತಾರೆ.

ಇನ್ನೊಂದು ಬೇರೆತನ ದೊಡ್ಡದು. ಗೊಂಬೆ ಎಂದೊಡನೆ ನಮಗೆ ರಾಮ, ರಾವಣ, ದುರ್ಯೋಧನ ನೆನಪಾಗುತ್ತಾರೆ. ಈ ಮಂಟಪದಲ್ಲಿ ದೇವರಿಲ್ಲ, ರಾಜನಿಲ್ಲ, ರಾಕ್ಷಸನೂ ಇಲ್ಲ. ಎದುರು ನಿಂತು ನೋಡುತ್ತಿರುವ ಊರಿನವರೇ ಮೇಲೆ ಚಿಕ್ಕದಾಗಿ ಕುಣಿಯುತ್ತಿದ್ದಾರೆ. ಹಾಗಾದರೆ ಇದರಲ್ಲಿ ಸೃಷ್ಟಿಕಥೆ ಎಲ್ಲಿಂದ ಬಂತು? ಆ ಸಾಲುಕುಣಿತವೇ ಕಥೆಯ ಒಂದು ಅಧ್ಯಾಯ. ಅದನ್ನು ತಿಳಿಯಲು ಕಥೆಯ ಮೊದಲಿಗೇ ಹೋಗಬೇಕು.

ಮೊದಲು ಬರೀ ನೀರಿತ್ತು

ನೀರಿನ ಕೆಳಗೆ ಮಣ್ಣಿತ್ತು, ಆದರೆ ಕಾಲೂರಲು ನೆಲವಿರಲಿಲ್ಲ. ಸೃಷ್ಟಿಕರ್ತ ಠಾಕುರ್ ಜಿಯು ಮೊದಲು ಜಲಚರಗಳನ್ನು ಮಾಡಿದ: ಏಡಿ, ಮೊಸಳೆ, ಸೀಗಡಿ, ಎರೆಹುಳು, ಆಮೆ. ಆಮೇಲೆ ಮಣ್ಣಿನಿಂದ ಎರಡು ಮನುಷ್ಯಗೊಂಬೆ ಮಾಡಿದ. ಇನ್ನೇನು ಜೀವ ತುಂಬಬೇಕು, ಅಷ್ಟರಲ್ಲಿ ಮೇಲಿನಿಂದ ಹಗಲಿನ ಕುದುರೆ ಸಿಂಗ್ ಸಾದೊಮ್ ನೀರು ಕುಡಿಯಲು ಇಳಿದು ಬಂತು. ಗೊಂಬೆಗಳನ್ನು ತುಳಿದು ಹಾಕಿತು. ಠಾಕುರನಿಗೆ ಬೇಸರವಾಯಿತು. ಮಣ್ಣಿನ ಸಹವಾಸ ಬೇಡ ಎಂದು ತನ್ನ ಎದೆಯ ಭಾಗದಿಂದಲೇ ಎರಡು ಹಕ್ಕಿ ಮಾಡಿ ಉಸಿರೂದಿದ. ಅವೇ ಹಾಸ್ ಮತ್ತು ಹಾಸಿಲ್, ಬಾತಿನ ಜೋಡಿ.

ಇದೇ ಘಟನೆಯನ್ನು ಇನ್ನೊಂದು ಪಾಠ ಬೇರೆ ಥರ ಹೇಳುತ್ತದೆ. ಅದರಲ್ಲಿ ಗೊಂಬೆ ಮಾಡುವವಳು ಮಾಲಿನ್ ಬುಢಿ ಎಂಬ ಮುದುಕಿ. ಜೀವ ತಂದು ತುಂಬು ಎಂದು ಠಾಕುರ ಹೇಳುತ್ತಾನೆ. ಮನುಷ್ಯಜೀವ ಇಟ್ಟಿದ್ದದ್ದು ಎತ್ತರದಲ್ಲಿ. ಗಿಡ್ಡ ಮುದುಕಿಗೆ ಅದು ಎಟುಕಲಿಲ್ಲ. ಕೈಗೆ ಸಿಕ್ಕ ಹಕ್ಕಿಜೀವವನ್ನೇ ತಂದು ತುಂಬಿದಳು. ಮನುಷ್ಯರಾಗಬೇಕಿದ್ದವರು ಹಕ್ಕಿಯಾಗಿ ಹಾರಿಹೋದರು. ನನಗೆ ಈ ಪಾಠವೇ ಹೆಚ್ಚು ಇಷ್ಟ. ಲೋಕದ ಆರಂಭದಲ್ಲೇ ಒಬ್ಬ ಗೊಂಬೆ ಮಾಡುವವಳಿದ್ದಾಳೆ, ಅವಳ ಕೈ ಮೋಟು ಎಂಬುದರಲ್ಲಿ ಹಳ್ಳಿಯ ನಗೆಯಿದೆ.

ಹಕ್ಕಿಗಳಿಗೆ ಕೂರಲು ಜಾಗವಿಲ್ಲ. ಹಾರಿ ಹಾರಿ ದಣಿದು ಠಾಕುರನ ಕೈಮೇಲೆ ಬಂದು ಕೂರುತ್ತವೆ. ನಮಗೊಂದು ನೆಲೆ ಕೊಡು ಎನ್ನುತ್ತವೆ. ಠಾಕುರ ಒಬ್ಬೊಬ್ಬರನ್ನೇ ಕರೆದು ತಳದ ಮಣ್ಣು ತರಲು ಹೇಳುತ್ತಾನೆ. ಮೊಸಳೆ ಮುಳುಗಿತು, ಸೀಗಡಿ ಮುಳುಗಿತು, ಏಡಿ ಮುಳುಗಿತು. ಬಾಚಿ ತಂದ ಮಣ್ಣೆಲ್ಲ ಮೇಲೆ ಬರುವಷ್ಟರಲ್ಲಿ ನೀರಲ್ಲಿ ಕರಗಿಹೋಯಿತು. ಕಡೆಗೆ ಎರೆಹುಳುವಿನ ಸರದಿ. ಆಮೆ ಅಲುಗದೆ ತೇಲಿಕೊಂಡಿದ್ದರೆ ನಾನು ಮಾಡಿಕೊಡುತ್ತೇನೆ ಎಂದಿತು ಅದು. ಆಮೆಯನ್ನು ನಾಲ್ಕು ಕಡೆಯಿಂದ ಕಟ್ಟಿ ನಿಲ್ಲಿಸಿದರು. ಎರೆಹುಳು ಬಾಲವನ್ನು ಆಮೆಯ ಬೆನ್ನಮೇಲಿಟ್ಟು, ಬಾಯನ್ನು ತಳಕ್ಕಿಳಿಸಿತು. ಕೆಳಗೆ ಮಣ್ಣು ತಿನ್ನುತ್ತಾ ಮೇಲೆ ಹಿಕ್ಕೆ ಹಾಕುತ್ತಾ ಹೋಯಿತು. ಅದೇ ನೆಲವಾಯಿತು. ಠಾಕುರ ಕುಂಟೆ ಹೊಡೆದು ಸಮ ಮಾಡಿದ. ಸಮವಾಗದೆ ಉಳಿದ ಗುಪ್ಪೆಗಳು ಬೆಟ್ಟಗಳಾದವು.

ನೀರಿನ ತಳದಿಂದ ಮಣ್ಣು ತಂದು ಭೂಮಿ ಮಾಡುವ ಕಥೆ ಜಗತ್ತಿನ ಹಲವು ಮೂಲನಿವಾಸಿಗಳಲ್ಲಿದೆ. ಉತ್ತರ ಅಮೆರಿಕದ ಹೌಡೆನೊಸೌನಿ ಜನರ ಕಥೆಯಲ್ಲೂ ನೆಲ ನಿಲ್ಲುವುದು ಆಮೆಯ ಬೆನ್ನ ಮೇಲೆಯೇ. ಮಣ್ಣು ತರುವ ಕೆಲಸವನ್ನು ಎರೆಹುಳುವಿಗೆ ವಹಿಸಿರುವುದು ಮಾತ್ರ ಉತ್ತು ಬಿತ್ತುವವರ ಬುದ್ಧಿ. ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಪುಸ್ತಕ ಬರೆದದ್ದು ಎರೆಹುಳುಗಳ ಮೇಲೆ. ಹೊಲದ ಮೇಲ್ಮಣ್ಣೆಲ್ಲ ಹುಳುವಿನ ಹೊಟ್ಟೆ ಹಾದು ಬಂದದ್ದು ಎಂದು ಅದರಲ್ಲಿ ತೋರಿಸಿದ. ಅದು ಅಚ್ಚಾದದ್ದು 1881ರಲ್ಲಿ. ಸಂತಾಲ ಗುರುಗಳು ಈ ಕಥೆಯನ್ನು ಅದಕ್ಕೆ ಬಹಳ ಹಿಂದಿನಿಂದ ಹೇಳಿಕೊಂಡು ಬಂದಿದ್ದರು.

ನೆಲವಾದ ಮೇಲೆ ಹಸಿರು. ಮೊದಲು ಸಿರೊಮ್ ಹುಲ್ಲು, ಅಂದರೆ ನಮ್ಮ ಲಾವಂಚ. ಆಮೇಲೆ ಗರಿಕೆ. ಅದಾದ ಮೇಲೆ ಕರಮ್ ಮರ, ಸಾಲ, ಹಿಪ್ಪೆ. ಹಾಸ್ ಹಾಸಿಲ್ ಲಾವಂಚದ ಪೊದೆಯಲ್ಲಿ ಗೂಡು ಕಟ್ಟಿ ಮೊಟ್ಟೆಯಿಟ್ಟವು. ಮೊಟ್ಟೆಯೊಡೆದು ಬಂದವರು ಒಬ್ಬ ಹುಡುಗ, ಒಬ್ಬಳು ಹುಡುಗಿ: ಪಿಲ್ಚು ಹಾಡಾಮ್, ಪಿಲ್ಚು ಬುಢಿ. ಊರು ಹಿಹಿಡಿ ಪಿಪಿಡಿ. ಅವರಿಗೆ ಅಕ್ಕಿಯ ಮದ್ಯ ಮಾಡಲು ಕಲಿಸಿದವನು ಮಾರಾಂಗ್ ಬುರು ಎಂಬ ದೇವರು. ಕುಡಿಯುವ ಮುನ್ನ ನೆಲಕ್ಕೆ ಒಂದಿಷ್ಟು ಚೆಲ್ಲಿ ಅವನಿಗೆ ಅರ್ಪಿಸುವ ಪದ್ಧತಿ ಇವತ್ತಿಗೂ ಇದೆ.

ಆಲದ ಕೆಳಗಿನ ಕುಣಿತ

ಪಿಲ್ಚು ದಂಪತಿಗೆ ಏಳು ಗಂಡು, ಏಳು ಹೆಣ್ಣು ಮಕ್ಕಳು. ಹೆಣ್ಣುಮಕ್ಕಳು ಎಂಟು ಎನ್ನುವ ಪಾಠಗಳೂ ಉಂಟು. ಗಂಡ ಹೆಂಡಿರಿಗೆ ಜಗಳವಾಯಿತು. ಅಪ್ಪ ಗಂಡುಮಕ್ಕಳನ್ನು ಕರೆದುಕೊಂಡು ಒಂದು ಕಾಡಿಗೆ ಹೋದ, ಅವ್ವ ಹೆಣ್ಣುಮಕ್ಕಳನ್ನು ಕರೆದುಕೊಂಡು ಇನ್ನೊಂದು ಕಡೆಗೆ. ವರ್ಷಗಳು ಕಳೆದವು. ಸೊಪ್ಪು ಕೀಳಲು ಹೋದ ಹುಡುಗಿಯರು ದೊಡ್ಡ ಆಲದ ಮರದ ಬಿಳಲು ಹಿಡಿದು ಜೀಕಿದರು, ಹಾಡಿದರು, ಕೈಹಿಡಿದು ಕುಣಿದರು. ಬೇಟೆಗೆ ಬಂದಿದ್ದ ಹುಡುಗರಿಗೆ ಆ ಹಾಡು ಕೇಳಿಸಿತು. ಅವರೂ ಬಂದು ಕುಣಿದರು. ಒಬ್ಬರನ್ನೊಬ್ಬರು ಗುರುತಿಸದೆ ಜೋಡಿಯಾದರು.

ಮಂಟಪದ ಗೊಂಬೆಗಳು ಅದೇ ಸಾಲಿನಲ್ಲಿ, ಅದೇ ಎದುರುಬದುರಿನಲ್ಲಿ ನಿಂತಿವೆ. ಕೆಳಗಿನ ನಿಜವಾದ ಕುಣಿತವೂ ಹಾಗೆಯೇ. ಹೆಂಗಸರು ಭುಜಕ್ಕೆ ಭುಜ ತಾಗಿಸಿ, ಬೆರಳು ಹೆಣೆದು, ಮಂಡಿ ತುಸು ಮಡಿಸಿ ಸಣ್ಣ ಹೆಜ್ಜೆಯಲ್ಲಿ ಸರಿಯುತ್ತಾರೆ. ಎದುರಿಗೆ ಗಂಡಸರು ಡೋಲು ಹಿಡಿದು ಹಿಮ್ಮೆಟ್ಟುತ್ತಾ ಮುಂದೆ ಬರುತ್ತಾ ಇರುತ್ತಾರೆ. ಸಾಲಿನಲ್ಲಿ ಮುಂದಾಳು, ಹಿಂಬಾಲಕಿ ಎಂಬುದು ಹೆಚ್ಚಿಲ್ಲ. ಅತ್ತೆ, ಸೊಸೆ, ಹತ್ತು ವರ್ಷದ ಹುಡುಗಿ ಎಲ್ಲರಿಗೂ ಅದರಲ್ಲಿ ಜಾಗವಿದೆ. ಚಾದರ್ ಬಾದರ್ ಹಾಡುಗಾರರು ಕಾಲಕ್ಕೆ ತಕ್ಕ ಹಾಡು ಹಾಡುತ್ತಾರೆ. ಹಳೆಯ ಕಥೆಯ ಪಕ್ಕದಲ್ಲಿ ಮದುವೆ, ಬೇಟೆ, ಊರಿನ ಸುದ್ದಿಯೂ ಬರುತ್ತದೆ. ಹಾಡು ಯಾವುದೇ ಇರಲಿ, ಗೊಂಬೆಗಳ ಸಾಲು ಮಾತ್ರ ಬದಲಾಗುವುದಿಲ್ಲ.

ಆ ಜೋಡಿಗಳು ಅಣ್ಣ ತಂಗಿಯರೆಂದು ತಿಳಿದ ಮೇಲೆ, ಮುಂದೆ ಹೀಗಾಗಬಾರದೆಂದು ಹಿರಿಯರು ಕುಲ ಮಾಡಿದರು. ಒಂದೇ ಕುಲದಲ್ಲಿ ಮದುವೆ ಕೂಡದು. ಹಾಂಸ್ದಾ, ಮುರ್ಮು, ಕಿಸ್ಕು, ಹೆಂಬ್ರಮ್, ಮರಾಂಡಿ, ಸೊರೇನ್, ತುಡು, ಮುಂದೆ ಇನ್ನೂ ಕೆಲವು ಸೇರಿ ಹನ್ನೆರಡು. ಪತ್ರಿಕೆ ಓದುವವರಿಗೆ ಇವು ಗೊತ್ತಿರುವ ಹೆಸರುಗಳೇ. ರಾಷ್ಟ್ರಪತಿ ದ್ರೌಪದಿ ಮುರ್ಮು, ಜಾರ್ಖಂಡದ ಮೊದಲ ಮುಖ್ಯಮಂತ್ರಿ ಬಾಬುಲಾಲ್ ಮರಾಂಡಿ, ಆಮೇಲೆ ಬಂದ ಶಿಬು ಸೊರೇನ್, ಹೇಮಂತ್ ಸೊರೇನ್. ನಾವು ರಾಜಕೀಯದ ಸುದ್ದಿಯಲ್ಲಿ ಓದುವ ಈ ಅಡ್ಡಹೆಸರುಗಳ ಬೇರು ಆ ಬಾತುಕೋಳಿಯ ಮೊಟ್ಟೆಯವರೆಗೆ ಹೋಗುತ್ತದೆ.

ಹೇಳುವವರು ಯಾರು

ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುವುದು ಗೊಂಬೆಯವನ ಕೆಲಸವಲ್ಲ. ಅದಕ್ಕೆ ಗುರು ಇದ್ದಾನೆ, ಅದಕ್ಕೆ ಹೊತ್ತಿದೆ. ಆ ನಿರೂಪಣೆಗೆ ಬಿಂತಿ ಎನ್ನುತ್ತಾರೆ. ಭಾದ್ರಪದದ ಕರಮ್ ಹಬ್ಬದಲ್ಲಿ ಕಾಡಿನಿಂದ ಕರಮ್ ಕೊಂಬೆ ತಂದು ನೆಟ್ಟು, ಅದರ ಸುತ್ತ ರಾತ್ರಿ ಕುಣಿದು, ಕರಮ್ ಬಿಂತಿ ಕೇಳುತ್ತಾರೆ. ಸೃಷ್ಟಿಯ ಮೊದಲ ಮರಗಳಲ್ಲೊಂದು ಎದುರಿಗೇ ನಿಂತಿರುವಾಗ ಸೃಷ್ಟಿಯ ಕಥೆ. ನಮ್ಮಲ್ಲಿ ಹೆದ್ದಿ, ಅರಿಶಿನತೇಗ ಎನ್ನುವ ಮರವದು. ಚಾಚೋ ಛಟಿಯಾರ್ ಎಂಬ ಶಾಸ್ತ್ರದಲ್ಲೂ ಬಿಂತಿ ಉಂಟು. ಮಗುವನ್ನು ಜನಾಂಗದೊಳಕ್ಕೆ ಸೇರಿಸಿಕೊಳ್ಳುವ ಶಾಸ್ತ್ರವದು. ಅದಾಗದವನಿಗೆ ಮದುವೆಯಿಲ್ಲ, ಸತ್ತರೆ ಸುಡುವಂತೆಯೂ ಇಲ್ಲ. ಹಳೆಯ ಮೈಸೂರಿನ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ಲೋಕ ಹುಟ್ಟಿದ ಕಥೆಯಿಂದಲೇ ಎತ್ತಿಕೊಳ್ಳುವುದನ್ನು ಕೇಳಿದವರಿಗೆ ಇದರ ಗತ್ತು ಅರ್ಥವಾಗುತ್ತದೆ.

ಬಿಂತಿ ಇಲ್ಲಿಗೆ ನಿಲ್ಲುವುದಿಲ್ಲ. ಹಿಹಿಡಿ ಪಿಪಿಡಿಯಿಂದ ಖೋಜ್ ಕಮಾನ್‌ಗೆ ಹೋದದ್ದು, ಅಲ್ಲಿ ಜನ ಕೆಟ್ಟರೆಂದು ಠಾಕುರ ಬೆಂಕಿಮಳೆ ಸುರಿಸಿದ್ದು, ಹರಾತಾ ಬೆಟ್ಟದ ಗುಹೆ ಹೊಕ್ಕ ಒಂದು ಜೋಡಿ ಮಾತ್ರ ಉಳಿದದ್ದು, ಸಾಸಾಂಗ್ ಬೇಡಾದಲ್ಲಿ ಮೇಲೆ ಹೇಳಿದ ಆ ಕುಲಗಳಾದದ್ದು, ಚಂಪಾ ಎಂಬ ನಾಡಿನಲ್ಲಿ ಬಾಳಿ ಅದನ್ನೂ ಬಿಟ್ಟು ಹೊರಟದ್ದು. ಸೃಷ್ಟಿಯ ಕಥೆ ನಡೆಯುತ್ತಾ ನಡೆಯುತ್ತಾ ವಲಸೆಯ ಕಥೆಯಾಗುತ್ತದೆ.

ಕಥೆಗೆ ಇನ್ನೊಂದು ವಾಹಕವಿದೆ: ಜಾದುಪಟುವಾಗಳು. ಇವರು ಸಂತಾಲರಲ್ಲ, ಸಂತಾಲರ ಮನೆಬಾಗಿಲಿಗೆ ಹೋಗುವ ಚಿತ್ರಗಾರರು. ಕಾಗದದ ತುಂಡುಗಳನ್ನು ಹೊಲಿದು ಉದ್ದನೆಯ ಪಟ ಮಾಡಿ, ಅದರಲ್ಲಿ ಪಿಲ್ಚು ದಂಪತಿ, ಹಕ್ಕಿ, ಆಮೆ ಎಲ್ಲವನ್ನೂ ಬರೆದು, ಅಂಗಳದಲ್ಲಿ ಕೂತು ಒಂದೊಂದೇ ಚಿತ್ರ ಬಿಚ್ಚುತ್ತಾ ಹಾಡುತ್ತಾರೆ. ಸಾವಾದ ಮನೆಗೂ ಹೋಗುತ್ತಾರೆ. ಆಗ ಕೈಯಲ್ಲಿರುವುದು ಸತ್ತವನ ಚಿಕ್ಕ ಚಿತ್ರ. ಎಲ್ಲ ಬರೆದಿರುತ್ತಾರೆ, ಕಣ್ಣಿನ ಪಾಪೆ ಮಾತ್ರ ಬರೆದಿರುವುದಿಲ್ಲ. ಮನೆಯವರು ಅಕ್ಕಿಯೋ ಪಾತ್ರೆಯೋ ದಾನ ಕೊಟ್ಟ ಮೇಲೆ ಪಾಪೆ ಇಡುತ್ತಾರೆ, ಸತ್ತವನಿಗೆ ಪರಲೋಕದಲ್ಲಿ ದಾರಿ ಕಾಣಲೆಂದು. ಇದನ್ನು ಬರೀ ಹೊಟ್ಟೆಪಾಡು ಎಂದವರಿದ್ದಾರೆ. ಇರಬಹುದು. ಪುರೋಹಿತರೆಲ್ಲ ಬೇರೆ ಏನು ಮಾಡುತ್ತಾರೆ?

ಕಥೆ ಅಚ್ಚಿಗೆ ಬಂದದ್ದು ಪಾದ್ರಿಗಳಿಂದ. ನಾರ್ವೆಯ ಲಾರ್ಸ್ ಓಲ್ಸೆನ್ ಸ್ಕ್ರೆಫ್ಸ್‌ರುಡ್ 1867ರಲ್ಲಿ ಸಂತಾಲ್ ಪರಗಣದ ಬೆನಾಗಡಿಯಾದಲ್ಲಿ ನೆಲೆನಿಂತ. ಕೊಲೆಯಾನ್ ಎಂಬ ಹಿರಿಯ ಗುರು ಹೇಳಿದ್ದನ್ನು ಸಂತಾಲಿಯಲ್ಲೇ ಬರೆದುಕೊಂಡು 1887ರಲ್ಲಿ ಪ್ರಕಟಿಸಿದ. ಅದೇ 'ಹೊಡ್ಕೊರೆನ್ ಮಾರೆ ಹಾಪ್ಡಾಮ್ಕೊ ರೆಯಾಕ್ ಕಥಾ', ಹಿರಿಯರ ಕಥೆ. ಅದರ ಇಂಗ್ಲಿಷ್ ಅನುವಾದ ಮಾಡಿದವನು ಪಿ. ಓ. ಬೋಡಿಂಗ್, ಬಂದದ್ದು 1942ರಲ್ಲಿ. ಇಬ್ಬರ ಉಪಕಾರ ದೊಡ್ಡದು. ಆದರೆ ಬರೆದುಕೊಂಡವನು ಆದಮ್ ಮತ್ತು ಈವಳ ಕಥೆ ಬಾಯಿಪಾಠವಿದ್ದವನು. ಮೊದಲ ಜೋಡಿ, ಬೆತ್ತಲೆಯ ನಾಚಿಕೆ, ಪಾಪಕ್ಕೆ ಬಂದ ಬೆಂಕಿಮಳೆ, ಇವುಗಳಲ್ಲಿ ಎಷ್ಟು ಗುರುವಿನದು, ಎಷ್ಟು ಪಾದ್ರಿಯ ಕಿವಿಯದು ಎಂದು ಕೇಳುವುದು ತಪ್ಪಲ್ಲ. ಅಚ್ಚಾದ ಒಂದು ಪಾಠ ಪ್ರಮಾಣವಾಗಿಬಿಟ್ಟರೆ ಮೋಟು ಕೈಯ ಮಾಲಿನ್ ಬುಢಿಯಂಥವರು ಹಿಂದೆ ಸರಿಯುತ್ತಾರೆ. ಬೀದಿಯ ಆಟಕ್ಕೆ ಆ ಕಟ್ಟಿಲ್ಲ. ಊರು ಬದಲಾದರೆ ಪಾಠವೂ ಬದಲಾಗುತ್ತದೆ.

ದಸರೆಯ ಇನ್ನೊಂದು ಮುಖ

ದಾಸಾಯ್ ಕುಣಿತವನ್ನು ಬೇರೆಯಾಗಿ ಹೇಳಬೇಕು. ಗಂಡಸರು ಸೀರೆಯುಟ್ಟು, ತಲೆಗೆ ನವಿಲುಗರಿ ಸಿಕ್ಕಿಸಿ, ಸೋರೆಬುರುಡೆಯಿಂದ ಮಾಡಿದ ಭುವಾಂಗ್ ಎಂಬ ವಾದ್ಯ ಹಿಡಿದು ಮನೆಮನೆಗೆ ಹೋಗಿ ಕುಣಿಯುತ್ತಾರೆ. ಹಾಡಿನ ಧಾಟಿ ಸಂಭ್ರಮದ್ದಲ್ಲ, ಗೋಳಿನದು. ಕಳೆದುಹೋದ ನಾಡಿಗಾಗಿ, ಮೋಸದಿಂದ ಸತ್ತ ನಾಯಕನಿಗಾಗಿ ಹುಡುಕಾಟ ಎನ್ನುತ್ತಾರೆ. ಆ ನಾಯಕ ಹುದುಡ್ ದುರ್ಗಾ, ಅವನೇ ಮಹಿಷಾಸುರ ಎಂದು ಈಚಿನ ದಶಕಗಳಲ್ಲಿ ಹಲವು ಆದಿವಾಸಿ ಸಂಘಟನೆಗಳು ವಾದಿಸಿವೆ. ಇದು ಎಷ್ಟು ಹಳೆಯದು ಎಂಬ ಬಗ್ಗೆ ಸಂತಾಲರಲ್ಲೇ ಒಮ್ಮತವಿಲ್ಲ. ಮಹಿಷನ ಹೆಸರಿನ ಊರಿನಲ್ಲಿ ಮಹಿಷ ದಸರಾದ ಜಗಳ ಕಂಡ ನಮಗೆ ಈ ವಾದ ಹೊಸದೇನಲ್ಲ.

ವೇದಿಕೆಗೆ ಬಂದರೆ ಏನಾಗುತ್ತದೆ

ಸಂತಾಲರನ್ನು ಹೊರಗಿನವರು ಹೆಚ್ಚಾಗಿ ಕಂಡಿರುವುದು ಕಲಾವಿದರ ಕಣ್ಣಿನಿಂದ. ಶಾಂತಿನಿಕೇತನದ ಬಯಲಿನಲ್ಲಿ ರಾಮ್‌ಕಿಂಕರ್ ಬೈಜ್ 1938ರಲ್ಲಿ ಮಾಡಿದ ಸಂತಾಲ ಸಂಸಾರದ ಶಿಲ್ಪವಿದೆ. ಸತ್ಯಜಿತ್ ರಾಯ್ ಅವರ ಕೊನೆಯ ಚಿತ್ರ 'ಆಗಂತುಕ್'ನಲ್ಲಿ ನಗರದ ಗೃಹಿಣಿಯೊಬ್ಬಳು ಸಂತಾಲ ಹೆಂಗಸರ ಸಾಲಿಗೆ ಸೇರಿ ಹೆಜ್ಜೆ ಹಾಕುತ್ತಾಳೆ. ಎರಡೂ ಗೌರವದಿಂದ ಕಂಡವು.

ಸರ್ಕಾರಿ ಸಮಾರಂಭಗಳ ಕಥೆ ಬೇರೆ. ಮಂತ್ರಿ ಬಂದರೆ ಸಂತಾಲ ಕುಣಿತ, ಉದ್ಘಾಟನೆಯಿದ್ದರೆ ಸಂತಾಲ ಕುಣಿತ, ಐದು ನಿಮಿಷ, ಒಂದೇ ಬಣ್ಣದ ಸೀರೆ. ಎದುರುಬದುರಾಗಿ ಇರಬೇಕಾದ ಸಾಲು ಗಣ್ಯರ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತದೆ. ಹಾಗೆ ತಿರುಗಿದ ಗಳಿಗೆಯಲ್ಲೇ ಆಲದ ಕೆಳಗೆ ಅಣ್ಣ ತಂಗಿಯರು ಸಂಧಿಸಿದ ಕಥೆ ಕಡಿದುಹೋಗುತ್ತದೆ, ಉಳಿಯುವುದು ಸ್ವಾಗತನೃತ್ಯ. ಕಲೆ ಉಳಿಸುವ ಹೆಸರಿನಲ್ಲಿ ಆಗುತ್ತಿರುವ ದೊಡ್ಡ ಹಾನಿ ಇದೇ ಎಂದು ನನಗನ್ನಿಸುತ್ತದೆ.

ಚಾದರ್ ಬಾದರ್‌ಗೆ ಆ ಐದು ನಿಮಿಷವೂ ಸಿಗುವುದು ಕಷ್ಟ. ಗೇಣುದ್ದದ ಗೊಂಬೆ ಸಾವಿರ ಜನರ ಸಭಾಂಗಣದಲ್ಲಿ ಯಾರಿಗೂ ಕಾಣಿಸದು. ಅದು ಹತ್ತಡಿ ದೂರದಲ್ಲಿ ನಿಂತು, ತಲೆಯೆತ್ತಿ ನೋಡುವವರಿಗಾಗಿ ಆದ ಆಟ. ಮನೆಮನೆಯ ಅಕ್ಕಿ, ಚಿಲ್ಲರೆ ಕಾಸಿನ ಮೇಲೆ ನಡೆಯುತ್ತಿದ್ದದ್ದು. ಹಬ್ಬದ ಕಾಲದಲ್ಲಿ ತಿರುಗಾಟ, ಉಳಿದ ಕಾಲದಲ್ಲಿ ಕೂಲಿ. ಈಗ ಆ ಕೂಲಿಯೇ ವರ್ಷಪೂರ್ತಿ ದೂರದ ಊರುಗಳಲ್ಲಿದೆ. ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಕಲೆಸುವವರಲ್ಲಿ ಜಾರ್ಖಂಡ, ಒಡಿಶಾ, ಬಂಗಾಳದವರು ಎಷ್ಟೋ ಜನ. ಮರ ಕೆತ್ತಲು, ಕೀಲು ಕೂರಿಸಲು, ಹಗ್ಗದ ಲೆಕ್ಕ ಹಿಡಿಯಲು, ಮೇಲೆ ಹಾಡಲು ಬರುವವರು ಈಗ ಬೆರಳೆಣಿಕೆಯ ಮನೆಗಳವರು.

ಭಾಷೆಯ ಕಡೆಯಿಂದ ಸುದ್ದಿ ಅಷ್ಟು ಕೆಟ್ಟದ್ದಲ್ಲ. 2011ರ ಜನಗಣತಿಯಲ್ಲಿ ಸಂತಾಲಿ ನುಡಿಯುವವರು 73 ಲಕ್ಷಕ್ಕೂ ಹೆಚ್ಚು. ರಘುನಾಥ ಮುರ್ಮು 1925ರಲ್ಲಿ ರೂಪಿಸಿದ ಓಲ್ ಚಿಕಿ ಲಿಪಿಗೆ ನೂರು ತುಂಬಿದೆ. 2003ರ ತಿದ್ದುಪಡಿಯಿಂದ ಭಾಷೆ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿದೆ. ಸಂತಾಲಿ ಹಾಡಿನ ವಿಡಿಯೊಗಳು ಮೊಬೈಲುಗಳಲ್ಲಿ ಧಾರಾಳವಾಗಿ ಓಡುತ್ತಿವೆ. ಆದಿವಾಸಿಗಳ ಸರನಾ ಧರ್ಮಕ್ಕೆ ಜನಗಣತಿಯಲ್ಲಿ ಪ್ರತ್ಯೇಕ ಕಲಂ ಬೇಕೆಂದು ಜಾರ್ಖಂಡ ವಿಧಾನಸಭೆ 2020ರ ನವೆಂಬರ್ 11ರಂದು ನಿರ್ಣಯ ಮಾಡಿತು. ನಮ್ಮ ಲೋಕ ಹುಟ್ಟಿದ್ದು ಬೇರೆ ರೀತಿ ಎನ್ನುವವರಿಗೆ ನಮೂನೆಯಲ್ಲಿ ಒಂದು ಜಾಗ ಬೇಕು ಎಂಬುದು ಅತಿಯಾದ ಬೇಡಿಕೆಯೇನಲ್ಲ.

ದಸರಾ ರಜೆಗೆ ಶಾಂತಿನಿಕೇತನಕ್ಕೋ ದೇವಘರಕ್ಕೋ ಹೋಗುವ ಕನ್ನಡಿಗರು ಕಡಿಮೆಯಿಲ್ಲ. ಹೋದವರು ಒಂದು ದಿನ ಹೆಚ್ಚು ಇಟ್ಟುಕೊಳ್ಳಿ, ಸಂತಾಲರ ಹಳ್ಳಿಗಳ ಕಡೆ ದಾಸಾಯ್ ನಡೆಯುತ್ತಿದೆಯೇ, ಗೊಂಬೆಯವರು ಬಂದಿದ್ದಾರೆಯೇ ವಿಚಾರಿಸಿ. ಸಿಕ್ಕರೆ ಪೂರ್ತಿ ನೋಡಿ, ಐದು ನಿಮಿಷಕ್ಕೆ ಮುಗಿಸಿ ಎನ್ನಬೇಡಿ. ಕಾಣಿಕೆ ಧಾರಾಳವಾಗಿ ಕೊಡಿ. ಗೊಂಬೆ ಚೆನ್ನಾಗಿದೆ ಎಂದು ಷೋಕೇಸಿಗೆ ಒಂದು ಕೊಳ್ಳಲು ಮಾತ್ರ ಹೋಗಬೇಡಿ; ಸಾಲಿನಿಂದ ಒಂದು ಕಿತ್ತರೆ ಉಳಿದವುಗಳ ಹಗ್ಗವೂ ಸರಿಯಾಗಿ ಎಳೆಯುವುದಿಲ್ಲ.